ರಿಟೈರ್ ಆದ ಟೀಚರ್ ಮತ್ತೆ ಅದೇ ಕ್ಲಾಸಿಗೆ: ಪೆನ್ಷನ್ನೂ ಸಂಬಳವೂ ಎರಡೂ ಹೇಗೆ?

ಓದುಗರ ಪ್ರಶ್ನೆ: "ನಾವಿರೋದು ಒಹಾಯೊದಲ್ಲಿ, ಕೊಲಂಬಸ್ ಹತ್ತಿರ. ಮಗಳ ಸ್ಕೂಲಿನ ಟೀಚರ್ ಒಬ್ಬರು ಮೇ ತಿಂಗಳಲ್ಲಿ ರಿಟೈರ್ ಆದರು. ಕೇಕ್ ಕತ್ತರಿಸಿ, ಕಾರ್ಡ್ ಬರೆದುಕೊಟ್ಟು ಕಳಿಸಿದ್ದೂ ಆಯ್ತು. ಆಗಸ್ಟಲ್ಲಿ ನೋಡಿದರೆ ಅದೇ ಕ್ಲಾಸು, ಅದೇ ಟೀಚರು! ಪೆನ್ಷನ್ ಬರ್ತಿದೆ, ಜೊತೆಗೆ ಸಂಬಳವೂ ಬರ್ತಿದೆಯಂತೆ. ನಾವು ಕಟ್ಟೋ ಪ್ರಾಪರ್ಟಿ ಟ್ಯಾಕ್ಸ್ ಮಾತ್ರ ಏರ್ತಾನೇ ಇದೆ. ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಕೊಡ್ತಿದ್ದೀವಾ? ಇದು ಕಾನೂನಿಗೆ ಸರಿನಾ?"

ಈ ಪ್ರಶ್ನೆ ಒಹಾಯೊದವರದ್ದು ಮಾತ್ರ ಅಲ್ಲ. ಕ್ಯಾಲಿಫೋರ್ನಿಯಾ, ಟೆಕ್ಸಸ್, ನ್ಯೂಯಾರ್ಕ್ ಕಡೆಯ ಕನ್ನಡಿಗರೂ ಇದನ್ನೇ ಬೇರೆ ಬೇರೆ ಮಾತಲ್ಲಿ ಕೇಳುತ್ತಾರೆ. ಸ್ಕೂಲಿಗಾಗಿ ಹಾಕುವ ತೆರಿಗೆ, ಅಂದರೆ ಸ್ಕೂಲ್ ಲೆವಿ, ಮತಕ್ಕೆ ಬಂದಾಗಲಂತೂ ಜಾಸ್ತಿ.

ಕಾನೂನಿನ ಮಟ್ಟಿಗೆ ಉತ್ತರ ಸರಳ. ಹೌದು, ಸರಿ ಇದೆ. ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಕೊಡುತ್ತಿದ್ದೀರಾ ಅನ್ನುವುದಕ್ಕೆ ನನ್ನ ಉತ್ತರ, ಇಲ್ಲ. ಹಾಗಂತ ನಿಮ್ಮ ಸಿಟ್ಟು ಪೂರ್ತಿ ತಪ್ಪು ಅಂತಲೂ ಹೇಳಲ್ಲ. ಸಿಟ್ಟು ಬರಬೇಕಾದ ಜಾಗ ಸ್ವಲ್ಪ ಪಕ್ಕಕ್ಕಿದೆ, ಅಷ್ಟೇ. ಪೆನ್ಷನ್ನು, ಸಂಬಳ ಎರಡನ್ನೂ ಒಬ್ಬರೇ ತಗೊಳ್ಳುವುದು ದೊಡ್ಡ ವಿಷಯವೇ ಅಲ್ಲ. ಆ ನಿವೃತ್ತಿ ನಿಜವಾದದ್ದಾ, ಮತ್ತೆ ಕೆಲಸ ಸಿಗುತ್ತೆ ಅಂತ ಗೊತ್ತಿದ್ದೇ ಐದು ವರ್ಷ ಮೊದಲೇ ಪೆನ್ಷನ್ ಶುರು ಮಾಡಿಸಿಕೊಂಡರಾ, ಹಾಗೆ ಮಾಡಿದ್ದರ ಖರ್ಚು ಯಾರ ತಲೆ ಮೇಲೆ ಬಿತ್ತು ಅನ್ನುವುದೇ ವಿಷಯ.

ಮೊದಲು ದುಡ್ಡು ಎಲ್ಲಿಂದ ಬರುತ್ತದೆ ಅಂತ ನೋಡೋಣ.

ಒಹಾಯೊದ ಸರ್ಕಾರಿ ಶಾಲೆಯ ಶಿಕ್ಷಕರಿಗೆ ಎಸ್‌ಟಿಆರ್‌ಎಸ್ ಅನ್ನುವ ಪೆನ್ಷನ್ ನಿಧಿ ಇದೆ. 1920ರಿಂದ ನಡೆಯುತ್ತಿದೆ. ಬಸ್ ಡ್ರೈವರ್, ಅಡುಗೆಮನೆಯವರು, ಆಫೀಸಿನವರು, ತರಗತಿ ಸಹಾಯಕರು ಇವರಿಗೆ ಎಸ್‌ಇಆರ್‌ಎಸ್ ಅಂತ ಬೇರೆ ನಿಧಿ. ಶಿಕ್ಷಕರ ಸಂಬಳದಲ್ಲಿ ಶೇಕಡಾ 14 ಹಿಡಿದುಕೊಳ್ಳುತ್ತಾರೆ. ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್ ಇನ್ನೊಂದು 14 ಹಾಕುತ್ತದೆ. ಎಸ್‌ಇಆರ್‌ಎಸ್‌ನಲ್ಲಾದರೆ ನೌಕರರದ್ದು 10, ಡಿಸ್ಟ್ರಿಕ್ಟಿನದ್ದು 14. ಡಿಸ್ಟ್ರಿಕ್ಟ್ ಹಾಕುವ ದುಡ್ಡಿನಲ್ಲಿ ನಿಮ್ಮ ತೆರಿಗೆ ಇದ್ದೇ ಇದೆ, ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಆದರೆ ಅದು ಆ ಟೀಚರ್ ಪಾಠ ಮಾಡಿದ ವರ್ಷಗಳಲ್ಲೇ ಸಂಬಳದ ಜೊತೆ ಸೇರಿ ಹೋದ ದುಡ್ಡು. ರಿಟೈರ್ ಆದ ಮೇಲೆ ತಿಂಗಳ ಪೆನ್ಷನ್ ನಿಮ್ಮ ಲೆವಿಯಿಂದ ನೇರವಾಗಿ ಹೋಗಲ್ಲ. ನಿಧಿಯಿಂದ, ಅದರ ಹೂಡಿಕೆಯಿಂದ ಹೋಗುತ್ತದೆ. ಆ ಟೀಚರ್ ಮನೆಯಲ್ಲಿ ಕೂತು ತೋಟ ಮಾಡಿದರೂ, ಪಕ್ಕದ ರಾಜ್ಯದಲ್ಲಿ ಕೆಲಸಕ್ಕೆ ಸೇರಿದರೂ, ವಾಲ್‌ಮಾರ್ಟ್‌ನಲ್ಲಿ ಬಿಲ್ ಹಾಕಿದರೂ ಅಷ್ಟೇ ಪೆನ್ಷನ್ ಹೋಗುತ್ತದೆ.

ಇನ್ನೊಂದು ವಿಷಯ ನಮ್ಮ ಜನಕ್ಕೆ ಅಷ್ಟಾಗಿ ಗೊತ್ತಿರಲ್ಲ. ಒಹಾಯೊದ ಶಿಕ್ಷಕರು ಈ ಕೆಲಸಕ್ಕೆ ಸೋಷಿಯಲ್ ಸೆಕ್ಯೂರಿಟಿ, ಅಂದರೆ ಅಮೆರಿಕ ಸರ್ಕಾರದ ವೃದ್ಧಾಪ್ಯ ಪೆನ್ಷನ್ನಿನ ಕಂತು, ಕಟ್ಟುವುದೇ ಇಲ್ಲ. ಕ್ಯಾಲಿಫೋರ್ನಿಯಾ, ಇಲಿನಾಯ್, ಮ್ಯಾಸಚೂಸೆಟ್ಸ್‌ನಲ್ಲೂ ಹೀಗೇ. ಟೆಕ್ಸಸ್‌ನಲ್ಲೂ ಬಹುತೇಕ ಜಿಲ್ಲೆಗಳಲ್ಲಿ ಹೀಗೇ. ಹಾಗಾಗಿ ಆ ಪೆನ್ಷನ್ ಅಂದರೆ ಅವರ ಪಾಲಿಗೆ ನಿಮ್ಮ ಸೋಷಿಯಲ್ ಸೆಕ್ಯೂರಿಟಿ, ನಿಮ್ಮ ಕಂಪನಿಯ 401ಕೆ ಅನ್ನುವ ನಿವೃತ್ತಿ ಉಳಿತಾಯ ಖಾತೆ, ಎರಡೂ ಸೇರಿದ್ದು. ಈಗ ನಿಮ್ಮನ್ನೇ ತಗೊಳ್ಳಿ. 59 ವರ್ಷ 6 ತಿಂಗಳು ತುಂಬಿದ ಮೇಲೆ ಹಳೇ ಕಂಪನಿಯ 401ಕೆಯಿಂದ ದುಡ್ಡು ತೆಗೆಯುತ್ತಾ ಹೊಸ ಕಂಪನಿಯಲ್ಲಿ ಕೋಡ್ ಬರೆಯಬಹುದು, ಯಾರೂ ಮೂಗು ಮುರಿಯಲ್ಲ. 1960ರಲ್ಲೋ ಆಮೇಲೋ ಹುಟ್ಟಿದವರು 67 ತುಂಬಿದ ಮೇಲೆ ಸೋಷಿಯಲ್ ಸೆಕ್ಯೂರಿಟಿ ಪೂರ್ತಿ ತಗೊಂಡು ಸಂಬಳವನ್ನೂ ಪೂರ್ತಿ ತಗೋಬಹುದು. ಪೂರ್ಣ ನಿವೃತ್ತಿ ವಯಸ್ಸು ದಾಟಿದವರಿಗೆ ಇದ್ದ ಗಳಿಕೆಯ ಮಿತಿಯನ್ನು ಅಮೆರಿಕ 2000ದಲ್ಲೇ ತೆಗೆದುಹಾಕಿತು. ಹಾಗಿದ್ದಾಗ ಟೀಚರ್ ಮೇಲೆ ಮಾತ್ರ ಯಾಕೆ ಇಷ್ಟು ಹೊಟ್ಟೆಉರಿ ಅಂತ ಶಿಕ್ಷಕರ ಸಂಘದವರು ಕೇಳುತ್ತಾರೆ. ಅದರಲ್ಲಿ ನ್ಯಾಯ ಇದೆ.

ಆದರೆ ಪೂರ್ತಿ ನ್ಯಾಯ ಇಲ್ಲ. 401ಕೆಯಲ್ಲಿ ನೀವು ಬೇಗ ತೆಗೆಯಲು ಶುರು ಮಾಡಿದರೆ ನಿಮ್ಮದೇ ಖಾತೆ ಖಾಲಿಯಾಗುತ್ತದೆ, ಬೇರೆ ಯಾರಿಗೂ ನಷ್ಟ ಇಲ್ಲ. ಪೆನ್ಷನ್ ನಿಧಿ ಹಾಗಲ್ಲ. ಅಲ್ಲಿ ಎಲ್ಲರ ದುಡ್ಡೂ ಒಂದೇ ಹುಂಡಿಯಲ್ಲಿದೆ. ಬದುಕಿರುವ ತನಕ ಕೊಡ್ತೀವಿ ಅಂತ ಮಾತು ಕೊಟ್ಟಿದ್ದಾರೆ. ಒಬ್ಬರು ಐದು ವರ್ಷ ಮೊದಲೇ ಶುರು ಮಾಡಿದರೆ ಆ ಐದು ವರ್ಷದ ಹೊರೆಯನ್ನು ಉಳಿದವರೆಲ್ಲ ಸೇರಿ ಹೊರಬೇಕು.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಟೀಚರ್ ಕಾಲ್ಪನಿಕ, ಸೂತ್ರ ಮಾತ್ರ ನಿಜವಾದದ್ದು. ಎಸ್‌ಟಿಆರ್‌ಎಸ್‌ನ ಸಾಂಪ್ರದಾಯಿಕ ಪ್ಲಾನಿನಲ್ಲಿ ವರ್ಷಕ್ಕೆ ಶೇಕಡಾ 2.2ರಂತೆ, ಅತಿ ಹೆಚ್ಚು ಸಂಬಳದ ಐದು ವರ್ಷಗಳ ಸರಾಸರಿ ಮೇಲೆ ಪೆನ್ಷನ್ ಕಟ್ಟುತ್ತಾರೆ. 22ನೇ ವಯಸ್ಸಿಗೆ ಸೇರಿದ ಒಬ್ಬರು, 33 ವರ್ಷ ಕೆಲಸ ಮಾಡಿ 55ಕ್ಕೆ ಬಂದಿದ್ದಾರೆ ಅಂದುಕೊಳ್ಳಿ. ಈಗಿನ ಸಂಬಳ 80,000 ಡಾಲರ್, ಐದು ವರ್ಷದ ಸರಾಸರಿ 75,000. ಪೂರ್ಣ ಪೆನ್ಷನ್ನಿಗೆ ಅರ್ಹತೆಯೂ ಇದೆ ಅಂತಿಟ್ಟುಕೊಳ್ಳಿ. 33ನ್ನು 2.2ರಿಂದ ಗುಣಿಸಿದರೆ ಶೇಕಡಾ 72.6. ಅಂದರೆ ವರ್ಷಕ್ಕೆ 54,450 ಡಾಲರ್.

ಇವರು ರಿಟೈರ್ ಆಗದೆ ಇನ್ನೂ ಐದು ವರ್ಷ ದುಡಿದರೆ ಏನಾಗುತ್ತದೆ? 38 ವರ್ಷ ಆಗುತ್ತದೆ, ಶೇಕಡಾ 83.6. ಸರಾಸರಿ 82,000ಕ್ಕೆ ಏರಿತು ಅಂತಿಟ್ಟುಕೊಂಡರೆ ಪೆನ್ಷನ್ 68,552. ವರ್ಷಕ್ಕೆ 14,000 ಜಾಸ್ತಿ, ಚೆನ್ನಾಗೇ ಕಾಣುತ್ತದೆ. ಆದರೆ ಆ ಐದು ವರ್ಷ ಬಿಟ್ಟುಕೊಟ್ಟ ಪೆನ್ಷನ್ ಎಷ್ಟು? 54,450ರಂತೆ ಐದು ವರ್ಷಕ್ಕೆ 2,72,250 ಡಾಲರ್. ವರ್ಷಕ್ಕೆ 14,000 ಜಾಸ್ತಿ ತಗೊಂಡು ಆ ದುಡ್ಡು ವಾಪಸ್ ಬರಬೇಕಾದರೆ 19 ವರ್ಷ ಬೇಕು. 60ಕ್ಕೆ ರಿಟೈರ್ ಆದವರಿಗೆ 79 ದಾಟಬೇಕು! ಇಷ್ಟು ಲೆಕ್ಕ ಮಾಡಲು ಗಣಿತದ ಮೇಷ್ಟ್ರೇ ಆಗಬೇಕಿಲ್ಲ. ಅರ್ಹತೆ ಸಿಕ್ಕ ದಿನವೇ ಪೆನ್ಷನ್ ಶುರು ಮಾಡಿಸಿಕೊಳ್ಳುವುದು ಮನೆಯ ಲೆಕ್ಕಕ್ಕೆ ಲಾಭ. ಅದರ ಜೊತೆ ಅದೇ ಕೆಲಸವೂ ಮತ್ತೆ ಸಿಗುತ್ತದೆ ಅಂದರೆ, ರಿಟೈರ್ ಆಗದೇ ಇರುವುದೇ ದಡ್ಡತನ ಅನ್ನಿಸುತ್ತದೆ ಅಲ್ವಾ?

ಈಗ ಡಿಸ್ಟ್ರಿಕ್ಟ್ ಕಡೆಯಿಂದ ನೋಡಿ. ವಾಪಸ್ ತಗೊಳ್ಳುವಾಗ ಹಳೇ ಸಂಬಳವನ್ನೇ ಕೊಡಬೇಕು ಅಂತಿಲ್ಲ. ಎಷ್ಟೋ ಕಡೆ ಕಡಿಮೆ ಹಂತದಲ್ಲಿ ಕೂರಿಸುತ್ತಾರೆ. 80,000 ಇದ್ದವರಿಗೆ 50,000 ಕೊಟ್ಟರು ಅಂತಿಟ್ಟುಕೊಳ್ಳಿ. ಸಂಬಳದಲ್ಲಿ 30,000 ಉಳಿಯಿತು, ಅದರ ಮೇಲಿನ ಶೇಕಡಾ 14 ಅಂದರೆ ಇನ್ನೊಂದು 4,200 ಉಳಿಯಿತು. "ನಾವು ತೆರಿಗೆದಾರರ ದುಡ್ಡು ಉಳಿಸುತ್ತಿದ್ದೇವೆ" ಅಂತ ಸ್ಕೂಲ್ ಬೋರ್ಡಿನವರು ಹೇಳುವುದು ಈ ಲೆಕ್ಕದ ಮೇಲೆ. ಸುಳ್ಳೇನಲ್ಲ. ಆದರೆ ಅವರು ಹೋಲಿಸುತ್ತಿರುವುದು ಅದೇ ಟೀಚರ್ ಹಳೇ ಸಂಬಳದಲ್ಲಿ ಮುಂದುವರಿದಿದ್ದರೆ ಆಗುತ್ತಿದ್ದ ಖರ್ಚಿಗೆ. ಕಾಲೇಜು ಮುಗಿಸಿ ಬಂದ ಹೊಸಬರನ್ನು ತಗೊಂಡಿದ್ದರೆ ಎಷ್ಟಾಗುತ್ತಿತ್ತು ಅನ್ನುವುದಕ್ಕೆ ಹೋಲಿಸಿದರೆ ಉಳಿತಾಯ ಅಷ್ಟು ಇರಲ್ಲ, ಕೆಲವೊಮ್ಮೆ ಇರುವುದೇ ಇಲ್ಲ.

ಹಾಗಾಗಿ ಟೀಚರಿಗೂ ಲಾಭ, ಡಿಸ್ಟ್ರಿಕ್ಟಿಗೂ ಲಾಭ. ಇಬ್ಬರಿಗೂ ಲಾಭ ಆಗಿದೆ ಅಂದರೆ ಮೂರನೆಯವರು ಯಾರೋ ಕೊಟ್ಟಿರಬೇಕು. ಯಾರದು?

ನಿಧಿ. ನಿಧಿ ಅಂದರೆ ಅದರ ಹಿಂದಿರುವ ಬಾಕಿ ಸದಸ್ಯರು. ಒಹಾಯೊದಲ್ಲಿ ಡಿಸ್ಟ್ರಿಕ್ಟ್ ಪಾಲು 14ಕ್ಕೆ ನಿಂತಿದೆ, ಅದನ್ನು ಏರಿಸಬೇಕಾದರೆ ರಾಜ್ಯದ ಕಾನೂನೇ ಬದಲಾಗಬೇಕು. ಹಾಗಾಗಿ ಕೊರತೆ ಬಿದ್ದಾಗ ಹೊಡೆತ ಬಿದ್ದದ್ದು ಶಿಕ್ಷಕರಿಗೇ. 2012ರ ಸುಧಾರಣೆಯಲ್ಲಿ ಅವರ ಕಂತನ್ನು 10ರಿಂದ ಹಂತಹಂತವಾಗಿ 14ಕ್ಕೆ ಏರಿಸಿದರು. ಸರಾಸರಿಯನ್ನು ಮೂರು ವರ್ಷದ ಬದಲು ಐದು ವರ್ಷದ ಮೇಲೆ ಕಟ್ಟಲು ಶುರು ಮಾಡಿದರು. ಪೂರ್ಣ ಪೆನ್ಷನ್ನಿಗೆ ಬೇಕಾದ ಸೇವೆಯ ವರ್ಷಗಳನ್ನು ಜಾಸ್ತಿ ಮಾಡಿದರು, ಆಮೇಲೆ ನಿಧಿಯ ಬೋರ್ಡ್ ಅದನ್ನು ಸ್ವಲ್ಪ ಇಳಿಸಿದೆ. ರಿಟೈರ್ ಆದವರಿಗೆ ಬೆಲೆ ಏರಿಕೆಗೆ ತಕ್ಕಂತೆ ಸಿಗುತ್ತಿದ್ದ ವಾರ್ಷಿಕ ಹೆಚ್ಚಳವನ್ನು 2017ರಲ್ಲಿ ನಿಲ್ಲಿಸಿಬಿಟ್ಟರು. ಆಮೇಲೆ ಆಗೊಮ್ಮೆ ಈಗೊಮ್ಮೆ ಮಾತ್ರ ಒಂದಿಷ್ಟು ಕೊಟ್ಟರು. ಇವತ್ತು ಹೊಸದಾಗಿ ಸೇರುವ ಟೀಚರ್ ಕಟ್ಟುವ 14, ಅವರದೇ ಪೆನ್ಷನ್ನಿಗೆ ತಗಲುವ ಖರ್ಚಿಗಿಂತ ಜಾಸ್ತಿ. ಮಿಕ್ಕದ್ದು ಹಳೇ ಸಾಲ ತೀರಿಸಲು ಹೋಗುತ್ತದೆ. ಈ ಸಾಲಕ್ಕೆಲ್ಲ ವಾಪಸ್ ಬಂದ ಟೀಚರ್‌ಗಳೇ ಕಾರಣ ಅಂತ ಹೇಳಿದರೆ ಅನ್ಯಾಯ. ಹೂಡಿಕೆಯ ನಷ್ಟ, ಜನ ಜಾಸ್ತಿ ವರ್ಷ ಬದುಕುವುದು, ಹಿಂದೆ ಧಾರಾಳವಾಗಿ ಕೊಟ್ಟ ಸೌಲಭ್ಯ ಎಲ್ಲ ಸೇರಿದೆ. ಆದರೆ ಬೇಗ ರಿಟೈರ್ ಆಗಿ ಮತ್ತೆ ಬರುವುದಕ್ಕೆ ಆಸೆ ಹುಟ್ಟಿಸುವ ನಿಯಮ ಇದ್ದರೆ, ಅದರ ಪಾಲನ್ನು ಕಟ್ಟುವುದು ಪಕ್ಕದ ಕ್ಲಾಸಿನ 26 ವರ್ಷದ ಹುಡುಗಿ. ಪ್ರಾಪರ್ಟಿ ಟ್ಯಾಕ್ಸ್ ಕಟ್ಟುವ ನಿಮಗಿಂತ ಸಿಟ್ಟು ಮಾಡಿಕೊಳ್ಳುವ ಹಕ್ಕು ಅವಳಿಗೆ ಜಾಸ್ತಿ ಇದೆ. ವಿಚಿತ್ರ ಏನಂದರೆ ಬೋರ್ಡ್ ಸಭೆಯಲ್ಲಿ ಎದ್ದು ನಿಂತು ಮಾತಾಡುವವರಲ್ಲಿ ಅವಳು ಇರುವುದೇ ಕಡಿಮೆ. ಪಕ್ಕದ ಕ್ಲಾಸಿನ ಹಿರಿಯರ ವಿರುದ್ಧ ಯಾರು ಬಾಯಿ ಬಿಡುತ್ತಾರೆ?

ನಿಯಮ ಏನೂ ಇಲ್ಲವಾ ಅಂದರೆ, ಇದೆ. ಒಹಾಯೊದಲ್ಲಿ ರಿಟೈರ್ ಆದ ಮೇಲೆ ಎರಡು ತಿಂಗಳು ಈ ವ್ಯವಸ್ಥೆಯೊಳಗಿನ ಯಾವ ಸರ್ಕಾರಿ ಕೆಲಸಕ್ಕೂ ಸೇರಬಾರದು, ಸೇರಿದರೆ ಆ ಅವಧಿಯ ಪೆನ್ಷನ್ ಹೋಯಿತು. ಕೇಳಲು ಕಟ್ಟುನಿಟ್ಟು. ಆದರೆ ಕ್ಯಾಲೆಂಡರ್ ನೋಡಿ. ಜೂನ್ 1ಕ್ಕೆ ರಿಟೈರ್, ಆಗಸ್ಟಲ್ಲಿ ಸ್ಕೂಲು ಶುರು. ಮಧ್ಯೆ ಇರುವುದು ಬೇಸಿಗೆ ರಜೆ! ಎಲ್ಲ ಟೀಚರ್‌ಗಳೂ ಮನೆಯಲ್ಲೇ ಇರುವ ಎರಡು ತಿಂಗಳನ್ನೇ ಕಾಯುವ ಅವಧಿ ಅಂತ ಇಟ್ಟರೆ ಅದು ತಡೆ ಹೇಗಾಗುತ್ತದೆ? ನಿಮ್ಮ ಮಗಳ ಟೀಚರ್ ಮೇನಲ್ಲಿ ಹೋಗಿ ಆಗಸ್ಟಲ್ಲಿ ಬಂದದ್ದರ ಗುಟ್ಟು ಇದೇ.

ಎರಡನೇ ನಿಯಮ, ಅದೇ ಹುದ್ದೆಗೆ ವಾಪಸ್ ತಗೊಳ್ಳುವುದಾದರೆ ಡಿಸ್ಟ್ರಿಕ್ಟ್ 60 ದಿನ ಮೊದಲೇ ಸಾರ್ವಜನಿಕ ನೋಟಿಸ್ ಕೊಡಬೇಕು, ಆಮೇಲೆ ಸಾರ್ವಜನಿಕ ಸಭೆ ನಡೆಸಬೇಕು. ಸ್ಥಳೀಯ ಪೇಪರಿನ ಒಳಪುಟದಲ್ಲಿ ಸಣ್ಣಕ್ಷರದಲ್ಲಿ ಬರುವ ನೋಟಿಸ್ ಅದು. ಅಲ್ಲಿ ಯಾರೂ ಬರಲ್ಲ. ಡಿಸ್ಟ್ರಿಕ್ಟಿನ ಮುಖ್ಯಾಧಿಕಾರಿಯಾದ ಸೂಪರಿಂಟೆಂಡೆಂಟ್ ವಿಷಯ ಆದರೆ ಮಾತ್ರ ಹಾಲ್ ತುಂಬುತ್ತದೆ.

ಮೂರನೆಯದು, ವಾಪಸ್ ಬಂದವರಿಗೆ ಆ ಹೊಸ ವರ್ಷಗಳು ಹಳೇ ಪೆನ್ಷನ್ನಿಗೆ ಸೇರಲ್ಲ. ಈಗ ಕಟ್ಟುವ ಕಂತು ಬೇರೆ ಖಾತೆಗೆ ಹೋಗುತ್ತದೆ, ಕೆಲಸ ಬಿಟ್ಟ ಮೇಲೆ ಅದನ್ನು ಬೇರೆಯಾಗಿ ತಗೋಬಹುದು. "ಎರಡೆರಡು ಪೆನ್ಷನ್ ಹೊಡೆಯುತ್ತಾರೆ" ಅಂತ ಹೇಳುವುದನ್ನು ಕೇಳಿದ್ದೇನೆ, ಅದು ಹಾಗಲ್ಲ. ಕೊನೆಯ ವರ್ಷ ಸಂಬಳವನ್ನು ದಿಢೀರ್ ಅಂತ ಏರಿಸಿ ಪೆನ್ಷನ್ ಉಬ್ಬಿಸುವುದು ಇನ್ನೊಂದು ಬೇರೆಯೇ ರೋಗ. ಎರಡನ್ನೂ ಸೇರಿಸಿ ಬೈಯುವವರೇ ಜಾಸ್ತಿ.

ಬೇರೆ ರಾಜ್ಯಗಳು ಇದನ್ನು ಬೇರೆ ಬೇರೆ ರೀತಿ ಕಟ್ಟಿಹಾಕಲು ನೋಡಿವೆ. ಕ್ಯಾಲಿಫೋರ್ನಿಯಾದ ಶಿಕ್ಷಕರ ಪೆನ್ಷನ್ ನಿಧಿ ಕಾಲ್‌ಸ್ಟರ್ಸ್‌ನಲ್ಲಿ ರಿಟೈರ್ ಆದ ಮೊದಲ 180 ದಿನ ಸರ್ಕಾರಿ ಶಾಲೆಯಿಂದ ಒಂದು ಡಾಲರ್ ಗಳಿಸಿದರೂ ಅಷ್ಟು ಪೆನ್ಷನ್ ಕಡಿತ, ವಿನಾಯಿತಿ ಕೆಲವೇ ಸಂದರ್ಭಕ್ಕೆ. ಆಮೇಲೂ ವರ್ಷಕ್ಕೆ ಇಷ್ಟೇ ಗಳಿಸಬೇಕು ಅಂತ ಮಿತಿ ಇದೆ, ಮೀರಿದರೆ ಮೀರಿದಷ್ಟೂ ಪೆನ್ಷನ್ನಿನಿಂದ ವಾಪಸ್. ಆರು ತಿಂಗಳು ಅಂದರೆ ಬೇಸಿಗೆ ರಜೆಯ ಆಟ ನಡೆಯಲ್ಲ. ನನಗೆ ಇದು ಒಳ್ಳೆಯ ನಿಯಮ ಅನ್ನಿಸುತ್ತದೆ. ನ್ಯೂಯಾರ್ಕಿನಲ್ಲಿ 65 ಆಗದವರಿಗೆ ವರ್ಷಕ್ಕೆ ಇದ್ದ 30,000 ಡಾಲರ್ ಮಿತಿಯನ್ನು 2020ರಲ್ಲಿ 35,000ಕ್ಕೆ ಏರಿಸಿದರು. ಅದಕ್ಕಿಂತ ಜಾಸ್ತಿ ಬೇಕಾದರೆ ವಿಶೇಷ ಅನುಮತಿ. ಯೂಟಾ 2010ರಲ್ಲಿ ಒಂದು ವರ್ಷ ಹೊರಗಿರಲೇಬೇಕು ಅಂತ ಮಾಡಿತು. ಫ್ಲೋರಿಡಾ ಉಲ್ಟಾ ದಾರಿ ಹಿಡಿಯಿತು. 1998ರಿಂದ ಅಲ್ಲಿ ಡ್ರಾಪ್ ಅಂತ ಒಂದು ಯೋಜನೆ ಇದೆ. ಕಾಗದದ ಮೇಲೆ ರಿಟೈರ್ ಆದ ಹಾಗೆ ಲೆಕ್ಕ, ಪೆನ್ಷನ್ ಒಂದು ಖಾತೆಯಲ್ಲಿ ಬೆಳೆಯುತ್ತಿರುತ್ತದೆ, ಕೆಲಸ ಮತ್ತು ಸಂಬಳ ಮುಂದುವರಿಯುತ್ತದೆ. ಆದರೆ ಹೊರಡುವ ದಿನ ಮೊದಲೇ ನಿಗದಿ. ಕದ್ದುಮುಚ್ಚಿ ಮಾಡುವುದನ್ನು ಬಾಗಿಲಲ್ಲೇ ನಿಲ್ಲಿಸಿ ಲೆಕ್ಕ ಬರೆದುಕೊಂಡ ಹಾಗೆ.

ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವವರಿಗೆ ಅಮೆರಿಕದಲ್ಲೂ ಬರ ಇಲ್ಲ. ಅರಿಜೋನಾದಲ್ಲಿ ವಾಪಸ್ ಬರುವವರನ್ನು ಡಿಸ್ಟ್ರಿಕ್ಟ್ ನೇರವಾಗಿ ತಗೊಳ್ಳದೆ ಖಾಸಗಿ ಏಜೆನ್ಸಿ ಮೂಲಕ ತರಿಸಿಕೊಂಡವು. ಸಂಬಳ ಏಜೆನ್ಸಿಯದ್ದು, ಕ್ಲಾಸ್‌ರೂಮ್ ಮಾತ್ರ ಹಳೇದೇ. ನಿಧಿಗೆ ಕಂತು ಬರುವುದು ನಿಂತಿತು. ಕೊನೆಗೆ 2012ರಿಂದ, ಏಜೆನ್ಸಿ ಮೂಲಕ ತಂದರೂ ಡಿಸ್ಟ್ರಿಕ್ಟ್ ನಿಧಿಗೆ ಒಂದು ಮೊತ್ತ ಕಟ್ಟಲೇಬೇಕು ಅಂತ ಮಾಡಿದರು. ಟೆಕ್ಸಸ್‌ನಲ್ಲೂ 2005ರ ಸೆಪ್ಟೆಂಬರ್ ನಂತರ ರಿಟೈರ್ ಆದವರನ್ನು ಒಂದು ಮಟ್ಟಕ್ಕಿಂತ ಜಾಸ್ತಿ ಕೆಲಸಕ್ಕೆ ತಗೊಂಡರೆ ನಿಧಿಗೆ ಸರ್ಚಾರ್ಜ್ ಬೀಳುತ್ತದೆ. ಈ ದಾರಿ ನನಗೆ ಹಿಡಿಸಿತು. ಟೀಚರಿಗೆ ಶಿಕ್ಷೆ ಕೊಡುವ ಬದಲು, ಅವರನ್ನು ಅಗ್ಗಕ್ಕೆ ವಾಪಸ್ ತಗೊಂಡು ಲಾಭ ಮಾಡಿಕೊಳ್ಳುವ ಡಿಸ್ಟ್ರಿಕ್ಟಿನಿಂದಲೇ ನಿಧಿಯ ನಷ್ಟವನ್ನು ವಸೂಲಿ ಮಾಡುವುದು.

ಪೂರ್ತಿ ನಿಷೇಧ ಮಾಡಿದರೆ ಮುಗಿಯಿತಲ್ಲ ಅಂತೀರಾ? ಪೆನ್ಸಿಲ್ವೇನಿಯಾ ಹೆಚ್ಚುಕಮ್ಮಿ ಹಾಗೇ ಮಾಡಿದೆ. ಅಲ್ಲಿ ರಿಟೈರ್ ಆದವರು ಅದೇ ರಾಜ್ಯದ ಸರ್ಕಾರಿ ಶಾಲೆಗೆ ವಾಪಸ್ ಬಂದರೆ, ತುರ್ತು ಪರಿಸ್ಥಿತಿ ಅಥವಾ ಶಿಕ್ಷಕರ ಕೊರತೆ ಇದ್ದಾಗ ಬಿಟ್ಟರೆ, ಪೆನ್ಷನ್ ನಿಲ್ಲುತ್ತದೆ. ಹಾಗಾದರೆ ಅನುಭವ ಇರುವ ಸೂಪರಿಂಟೆಂಡೆಂಟ್ ಏನು ಮಾಡಬಹುದು? ಗಡಿ ದಾಟಿ ಪಕ್ಕದ ರಾಜ್ಯಕ್ಕೆ ಹೋಗಿ ಕೆಲಸಕ್ಕೆ ಸೇರಬಹುದು. ಪೆನ್ಸಿಲ್ವೇನಿಯಾದ ಪೆನ್ಷನ್ ಬರುತ್ತಲೇ ಇರುತ್ತದೆ, ಒಹಾಯೊದ ಸಂಬಳವೂ ಬರುತ್ತದೆ. ಅದಕ್ಕೆ ಯಾವ ರಾಜ್ಯದ ನಿಯಮವೂ ಅಡ್ಡ ಬರಲ್ಲ. ಅದೇ ಮನುಷ್ಯ, ಅದೇ ದುಡ್ಡು, ಬದಲಾದದ್ದು ಕಾರಿನ ನಂಬರ್ ಪ್ಲೇಟ್ ಮಾತ್ರ. ಊರವರಿಗೆ ಅದು ಗೊತ್ತೂ ಆಗಲ್ಲ, ಗೊತ್ತಾದರೂ ಯಾರೂ ಕಿರುಚಾಡಲ್ಲ.

ಈ ಗಲಾಟೆಯಲ್ಲಿ ನನಗೆ ಬೇಸರ ತರಿಸುವುದು ಒಂದೇ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು. ಪೇಪರಿನಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದು ಸೂಪರಿಂಟೆಂಡೆಂಟ್ ಸಂಬಳ. ಆದರೆ ವಾಪಸ್ ಬರುವ ಸ್ಕೂಲ್ ನೌಕರರಲ್ಲಿ ಬಸ್ ಡ್ರೈವರ್‌ಗಳಿದ್ದಾರೆ, ಊಟದ ಮನೆಯವರಿದ್ದಾರೆ. ದಿನಕ್ಕೆ ನಾಲ್ಕೈದು ಗಂಟೆ, ವರ್ಷಕ್ಕೆ ಒಂಬತ್ತು ತಿಂಗಳು ಕೆಲಸ ಮಾಡಿದವರ ಪೆನ್ಷನ್ ಎಷ್ಟಿರುತ್ತದೆ ಅಂದುಕೊಂಡಿದ್ದೀರಿ? ಬೆಳಗ್ಗೆ ಕತ್ತಲಲ್ಲಿ ಹಿಮದ ರಸ್ತೆಯಲ್ಲಿ ಬಸ್ ಓಡಿಸಲು ಜನ ಸಿಗುತ್ತಿಲ್ಲ ಅಂತ ಡಿಸ್ಟ್ರಿಕ್ಟ್‌ಗಳು ರೂಟ್‌ಗಳನ್ನೇ ಕಡಿಮೆ ಮಾಡುತ್ತಿರುವಾಗ, ರಿಟೈರ್ ಆದ ಡ್ರೈವರ್ ವಾಪಸ್ ಬಂದದ್ದಕ್ಕೆ ಬೈಯುವುದು ನನಗಂತೂ ಅರ್ಥವಾಗಲ್ಲ. ವಿಶೇಷ ಅಗತ್ಯದ ಮಕ್ಕಳಿಗೆ ಕಲಿಸುವವರು, ಕೆಮಿಸ್ಟ್ರಿ, ಗಣಿತದವರು ಸಿಗುವುದೂ ಕಷ್ಟ.

ಸಮಯಕ್ಕೆ ತಕ್ಕ ಹಾಗೆ ಜನರ ಮಾತೂ ಬದಲಾಗುತ್ತದೆ. 2008ರ ಆರ್ಥಿಕ ಕುಸಿತದ ನಂತರ ಎಲ್ಲರ ಕೆಲಸ ಹೋಗುತ್ತಿದ್ದಾಗ "ಎರಡೆರಡು ಕಡೆ ತಿನ್ನುತ್ತಾರೆ, ಹೊಸಬರಿಗೆ ಜಾಗ ಇಲ್ಲ" ಅಂತ ಗದ್ದಲ ಎದ್ದಿತ್ತು. ಯೂಟಾದ ಕಾನೂನು ಬಂದದ್ದು ಆ ಗಾಳಿಯಲ್ಲೇ. ಹತ್ತು ಹನ್ನೊಂದು ವರ್ಷ ಬಿಟ್ಟು ಕೋವಿಡ್ ಬಂತು, ಕ್ಲಾಸಿನಲ್ಲಿ ನಿಲ್ಲಲು ಜನ ಇಲ್ಲ. ಎಷ್ಟೋ ರಾಜ್ಯಗಳು ನಿಯಮ ಸಡಿಲಿಸಿ, ದಯವಿಟ್ಟು ವಾಪಸ್ ಬನ್ನಿ ಅಂತ ಕರೆದವು. ನ್ಯೂಯಾರ್ಕ್ ಶಾಲೆಗಳ ಮಟ್ಟಿಗೆ ಆ 35,000ದ ಮಿತಿಯನ್ನೇ ಬದಿಗಿಟ್ಟಿತು. ನಿಧಿಯ ಲೆಕ್ಕ ಆಗಲೂ ಅದೇ ಇತ್ತು, ಈಗಲೂ ಅದೇ ಇದೆ. ಬದಲಾದದ್ದು ನಮಗೆ ಟೀಚರ್ ಬೇಕಾದ ತುರ್ತು.

ಇದರ ಪಕ್ಕದಲ್ಲೇ ಇನ್ನೊಂದು ಜಗಳ ಇತ್ತು, ನಮ್ಮ ಮನೆಗಳಿಗೂ ತಾಗುವಂಥದ್ದು. ಕನ್ನಡದ ಎಷ್ಟೋ ಹೆಣ್ಣುಮಕ್ಕಳು ಇಲ್ಲಿನ ಶಾಲೆಗಳಲ್ಲಿ ಸಹಾಯಕರಾಗಿ, ಸಬ್‌ಸ್ಟಿಟ್ಯೂಟ್ ಟೀಚರಾಗಿ ಕೆಲಸ ಮಾಡುತ್ತಾರೆ. ಒಹಾಯೊದಂಥ ರಾಜ್ಯಗಳಲ್ಲಿ ಅವರ ಕಂತು ಸ್ಕೂಲ್ ಪೆನ್ಷನ್ನಿಗೆ ಹೋಗುತ್ತದೆ, ಸೋಷಿಯಲ್ ಸೆಕ್ಯೂರಿಟಿಗೆ ಹೋಗಲ್ಲ. 1977ರಲ್ಲಿ ಬಂದು 1983ರಲ್ಲಿ ತಿದ್ದುಪಡಿ ಆದ ಒಂದು ಕಾನೂನಿನ ಪ್ರಕಾರ, ಗಂಡನ ದುಡಿಮೆಯ ಮೇಲೆ ಹೆಂಡತಿಗೆ ಸಿಗಬೇಕಾದ ಸೋಷಿಯಲ್ ಸೆಕ್ಯೂರಿಟಿಯಿಂದ, ಆ ಸ್ಕೂಲ್ ಪೆನ್ಷನ್ನಿನ ಮೂರರಲ್ಲಿ ಎರಡು ಭಾಗದಷ್ಟು ಕಡಿತ ಆಗುತ್ತಿತ್ತು. ತನ್ನದೇ ಬೇರೆ ಕೆಲಸದಿಂದ ಬಂದ ಸೋಷಿಯಲ್ ಸೆಕ್ಯೂರಿಟಿಗೂ 1983ರ ಇನ್ನೊಂದು ಕಾನೂನು ಕತ್ತರಿ ಹಾಕುತ್ತಿತ್ತು. ಇವೆರಡರಲ್ಲಿ ಮೊದಲನೇ ಕಡಿತವನ್ನು ತಪ್ಪಿಸಲು ಟೆಕ್ಸಸ್‌ನಲ್ಲಿ ಟೀಚರ್‌ಗಳು ರಿಟೈರ್ ಆಗುವ ಮುಂಚಿನ ಕೊನೇ ಒಂದು ದಿನ, ಸೋಷಿಯಲ್ ಸೆಕ್ಯೂರಿಟಿ ಕಟ್ಟುವ ಯಾವುದೋ ಡಿಸ್ಟ್ರಿಕ್ಟಿಗೆ ಹೋಗಿ ಕಸ ಗುಡಿಸುವ ಕೆಲಸ ಮಾಡಿ ಬರುತ್ತಿದ್ದರು. ಒಂದೇ ಒಂದು ದಿನ! 2004ರಲ್ಲಿ ಅದನ್ನು ಮುಚ್ಚಿದರು. ಆ ಎರಡೂ ಕಡಿತದ ಕಾನೂನುಗಳನ್ನು 2025ರ ಜನವರಿ 5ರಂದು ಬೈಡನ್ ಸಹಿಯೊಂದಿಗೆ ರದ್ದು ಮಾಡಲಾಯಿತು, 2024ರ ಜನವರಿಯಿಂದಲೇ ಅನ್ವಯ ಆಗುವ ಹಾಗೆ. ನಿಮ್ಮ ಮನೆಯಲ್ಲಿ ಯಾರಾದರೂ "ನನಗೆ ಹೇಗೂ ಏನೂ ಬರಲ್ಲ" ಅಂತ ಗಂಡನ ಖಾತೆ ಮೇಲೆ ಅರ್ಜಿಯನ್ನೇ ಹಾಕದೆ ಬಿಟ್ಟಿದ್ದರೆ, ಈಗ ಹಾಕಿಸಿ.

ಊರಲ್ಲಿ ಹೇಗೆ ಅಂತಲೂ ಕೆಲವರು ಕೇಳುತ್ತಾರೆ. ಭಾರತದ ಕೇಂದ್ರ ಸರ್ಕಾರ 2020ರ ಡಿಸೆಂಬರ್ 9ರ ಆದೇಶದಲ್ಲಿ, ನಿವೃತ್ತ ಕೇಂದ್ರ ನೌಕರರನ್ನು ಗುತ್ತಿಗೆ ಮೇಲೆ ವಾಪಸ್ ತಗೊಂಡರೆ ಕೊನೆಯ ಸಂಬಳದಿಂದ ಮೂಲ ಪೆನ್ಷನ್ ಕಳೆದು ಉಳಿದದ್ದನ್ನು ಮಾತ್ರ ಕೊಡಬೇಕು ಅಂತ ಹೇಳಿದೆ. ಅಂದರೆ ಎರಡೂ ಸೇರಿ ಹಳೇ ಸಂಬಳ ದಾಟಬಾರದು. ಈ ಮಿತಿ ಅಮೆರಿಕದವರಿಗೆ ಯಾಕೆ ಹೊಳೆಯಲ್ಲವೋ! ಅದೇ ದೇಶದಲ್ಲಿ ಸೈನ್ಯದಿಂದ 40ರ ಆಸುಪಾಸಿನಲ್ಲಿ ಪೆನ್ಷನ್ ಪಡೆದು ಬಂದ ಜವಾನ, ಬ್ಯಾಂಕಿಗೋ ಇಲಾಖೆಗೋ ಸೇರಿ ಸಂಬಳವನ್ನೂ ತಗೊಂಡರೆ ಯಾರೂ ಚಕಾರ ಎತ್ತಲ್ಲ. ಕೊಡಗಿನ ಯಾವ ಹಳ್ಳಿಯಲ್ಲಿ ಕೇಳಿದರೂ ಅಂಥವರು ಸಿಗುತ್ತಾರೆ, ಮಾಜಿ ಸೈನಿಕರಿಗೆ ಅಂತಲೇ ಹುದ್ದೆಗಳ ಮೀಸಲಾತಿಯೂ ಇದೆ. 1982ರ ಡಿಸೆಂಬರ್ 17ರ ನಕಾರಾ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪೆನ್ಷನ್ ಅಂದರೆ ಸರ್ಕಾರ ದಯೆ ತೋರಿಸಿ ಕೊಡುವ ದಾನ ಅಲ್ಲ, ಹಿಂದೆ ಮಾಡಿದ ಸೇವೆಗೆ ಸಲ್ಲಬೇಕಾದದ್ದು ಅಂತ ಹೇಳಿತು. ಭಾರತದಲ್ಲಿ ಆ ದಿನವನ್ನು ಪಿಂಚಣಿದಾರರ ದಿನ ಅಂತ ಆಚರಿಸುತ್ತಾರೆ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರ ನಂತರ ಸರ್ಕಾರಿ ಕೆಲಸಕ್ಕೆ ಸೇರಿದವರದ್ದು ಎನ್‌ಪಿಎಸ್ ಅನ್ನುವ ಹೊಸ ಪೆನ್ಷನ್ ಯೋಜನೆ, ಅದು ಅವರವರದೇ ಖಾತೆ. ಹಾಗಾಗಿ ಅವರ ಮಟ್ಟಿಗೆ ಇಂಥ ಜಗಳ ನಡೆಯಲು ದೊಡ್ಡ ಕಾರಣವೇ ಉಳಿದಿಲ್ಲ. ಅವರ ಜಗಳವೇ ಬೇರೆ, ಹಳೇ ಪೆನ್ಷನ್ ವಾಪಸ್ ಕೊಡಿ ಅನ್ನುವುದು.

ಈಗ ನಿಮ್ಮ ಡಿಸ್ಟ್ರಿಕ್ಟಿಗೆ ಬರೋಣ. ಸುಮ್ನೆ ವಾಟ್ಸಾಪ್ ಗ್ರೂಪಿನಲ್ಲಿ ಬೈದುಕೊಳ್ಳುವ ಬದಲು ಆ ಸಾರ್ವಜನಿಕ ಸಭೆಗೆ ಹೋಗಿ. ಟೀಚರ್ ಎಷ್ಟು ಪೆನ್ಷನ್ ತಗೊಳ್ಳುತ್ತಾರೆ ಅಂತ ಕೇಳಬೇಡಿ, ಅದು ಅವರು ದುಡಿದದ್ದು. ಈ ಹುದ್ದೆಗೆ ಜಾಹೀರಾತು ಕೊಟ್ಟಿದ್ದಿರಾ, ಎಷ್ಟು ಅರ್ಜಿ ಬಂತು ಅಂತ ಕೇಳಿ. ರಿಟೈರ್ ಆಗುವ ಮೊದಲೇ ವಾಪಸ್ ತಗೊಳ್ಳುವ ಮಾತು ಆಗಿತ್ತಾ ಅಂತ ಕೇಳಿ, ಯಾಕಂದರೆ ಮೊದಲೇ ಒಪ್ಪಂದ ಮಾಡಿಕೊಂಡು ಕಾಗದದ ಮೇಲಷ್ಟೇ ರಿಟೈರ್ ಆಗುವುದನ್ನು ಫೆಡರಲ್ ತೆರಿಗೆ ನಿಯಮಗಳೂ ಒಪ್ಪಲ್ಲ. ಹೊಸ ಸಂಬಳ ಯಾವ ಹಂತದ್ದು, ಒಪ್ಪಂದ ಒಂದೇ ವರ್ಷದ್ದಾ, ಆ ವರ್ಷದೊಳಗೆ ಹೊಸಬರನ್ನು ತಯಾರು ಮಾಡುವ ಯೋಜನೆ ಇದೆಯಾ ಅಂತ ಕೇಳಿ. ಸೂಪರಿಂಟೆಂಡೆಂಟ್ ಆಗಿದ್ದರೆ ಈ ಪ್ರಶ್ನೆಗಳನ್ನು ಎರಡೆರಡು ಸಲ ಕೇಳಿ. ಬಸ್ ಡ್ರೈವರ್ ಆಗಿದ್ದರೆ ಬಿಟ್ಟುಬಿಡಿ. ಸಭೆಯ ದಿನ, ಜಾಗ ಎರಡೂ ನೋಟಿಸ್‌ನಲ್ಲೇ ಇರುತ್ತದೆ. ಕೆಲವು ಕಡೆ ಮಾತಾಡಲು ಮೊದಲೇ ಹೆಸರು ಬರೆಸಬೇಕು, ಸಿಗುವುದು ಎರಡು ಮೂರು ನಿಮಿಷ. ಹಾಗಾಗಿ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡೇ ಹೋಗಿ.